ಏಳು ಟ್ಯೂಬು, ಎರಡು ಫಂಗಸ್

ಆಕೆ ಬಂದು ಕೂತವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಏಳು ಮುಲಾಮಿನ ಟ್ಯೂಬು ಉರುಳಿ ಬಿದ್ದವು. ನಾಲ್ಕನ್ನು ಬುಡದಿಂದ ಸುರುಳಿ ಸುತ್ತಿ ಒಂದಿಷ್ಟೂ ಉಳಿಯದಂತೆ ಹಿಂಡಿದ್ದರು. ಜೊತೆಗೆ ಗುಳಿಗೆಯ ಖಾಲಿ ಸ್ಟ್ರಿಪ್ಪುಗಳು, ರಬ್ಬರ್ ಬ್ಯಾಂಡು ಹಾಕಿ ಕಟ್ಟಿಟ್ಟದ್ದು.

“ಎರಡ ವರ್ಷ ಆತ್ರಿ ಮೇಡಮ್ಮಾರ. ಹಚ್ಚಿದ್ರ ಹೋಗ್ತೈತಿ, ಬಿಟ್ರ ಬರ್ತೈತಿ.”

ವಯಸ್ಸು 48. ಹುಬ್ಬಳ್ಳಿ ಕಡೆಯವರು, ಗಂಡನ ಜೊತೆ ಸಣ್ಣದೊಂದು ರೊಟ್ಟಿ ಖಾನಾವಳಿ ನಡೆಸುತ್ತಾರೆ. ಇದಕ್ಕಿಂತ ಹೆಚ್ಚು ಗುರುತು ಇಲ್ಲಿ ಬೇಡ. ಬೆಳಿಗ್ಗೆ ಎಂಟಕ್ಕೆ ಒಲೆ ಮುಂದೆ ಕೂತರೆ ಮಧ್ಯಾಹ್ನ ಮೂರರವರೆಗೆ ಏಳುವಂತಿಲ್ಲ. ಸೀರೆ, ಲಂಗ, ಕುಪ್ಪಸ ಎಲ್ಲ ಬೆವರಿಗೆ ಮೈಗಂಟಿಕೊಂಡೇ ಇರುತ್ತದೆ. ಹಂಚಿನ ಝಳಕ್ಕೆ ಮುಖ ಒಣಗಿದರೂ ಸೊಂಟ ಒಣಗುವುದಿಲ್ಲ.

ನೋಡಿದೆ. ಲಂಗದ ಲಾಡಿ ಬಿಗಿಯುವ ಜಾಗದಲ್ಲೇ ಸೊಂಟದ ಸುತ್ತ ಕಂದು ಪಟ್ಟೆ. ಸ್ತನಗಳ ಕೆಳಗೆ, ತೊಡೆಸಂದಿನಲ್ಲಿ, ಹಿಂಭಾಗದಲ್ಲಿ ಹರಡಿದ ಕಲೆ. ಹುಳುಕಡ್ಡಿ ಎಂದರೆ ಬಳೆಯ ಹಾಗೆ ಉಬ್ಬಿದ ಕೆಂಪು ಅಂಚು, ನಡುವೆ ತಿಳಿ ಚರ್ಮ. ಯಾವ ಅಜ್ಜಿಯಾದರೂ ಗುರುತು ಹಿಡಿಯುತ್ತಾಳೆ. ಇವರದ್ದಕ್ಕೆ ಆ ಅಂಚೇ ಇರಲಿಲ್ಲ. ಕೆಲವು ಕಡೆ ಬಳೆಯೊಳಗೆ ಬಳೆ, ಕೆಲವು ಕಡೆ ಬರೀ ಮಸುಕು. ತೊಡೆಯ ಒಳಬದಿಗೆ ಬೆರಳಗಲದ ಬಿಳಿ ಗೀರುಗಳು, ಬಸುರಿಯ ಹೊಟ್ಟೆ ಮೇಲೆ ಬರುವಂಥವು. ಅವು ಫಂಗಸ್ ಮಾಡಿದ್ದಲ್ಲ, ಮುಲಾಮು ಮಾಡಿದ್ದು. ಏಳು ಟ್ಯೂಬುಗಳಲ್ಲಿ ಐದರಲ್ಲಿ ಸ್ಟೆರಾಯ್ಡ್ ಇತ್ತು. ಅದರಲ್ಲೂ ಮೂರರಲ್ಲಿ ಕ್ಲೊಬೆಟಸಾಲ್, ಹಚ್ಚುವ ಸ್ಟೆರಾಯ್ಡ್‌ಗಳಲ್ಲಿ ಅತಿ ತೀಕ್ಷ್ಣವಾದವುಗಳಲ್ಲೊಂದು. ಅದರ ಜೊತೆಗೊಂದು ಫಂಗಸ್ ಔಷಧಿ, ಒಂದು ಆಂಟಿಬಯಾಟಿಕ್, ಎಲ್ಲ ಕಲಸಿದ ಮಿಶ್ರಣ.

ಸ್ಟೆರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಕೆಂಪನ್ನೂ ಇಳಿಸುತ್ತದೆ. ಅದಕ್ಕೇ ಜನ ಅದನ್ನು ಒಳ್ಳೆ ಮುಲಾಮು ಅನ್ನುತ್ತಾರೆ. ಕೆಂಪು, ತುರಿಕೆ ಎರಡೂ ನಮ್ಮ ಚರ್ಮ ಫಂಗಸ್ ಜೊತೆ ಹೋರಾಡುತ್ತಿರುವ ಲಕ್ಷಣ. ಹೋರಾಡುವವರ ಕೈ ಕಟ್ಟಿಹಾಕಿದರೆ ಗದ್ದಲ ನಿಲ್ಲುತ್ತದೆ, ಕಳ್ಳ ಮನೆಯಲ್ಲೇ ಇರುತ್ತಾನೆ. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಗೆ 1968ರಲ್ಲೇ ಟೀನಿಯಾ ಇನ್‌ಕಾಗ್ನಿಟೊ ಎಂದು ಹೆಸರಿಟ್ಟಿದ್ದಾರೆ. ಆಗ ಅದು ಅಪರೂಪ. ಈಗ ನನ್ನ ಹೊರರೋಗಿ ಕೋಣೆಯಲ್ಲಿ ವೇಷವಿಲ್ಲದ ಹುಳುಕಡ್ಡಿಯೇ ಅಪರೂಪ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಕೊಡುವಂತಿಲ್ಲ. ಈ ಏಳರಲ್ಲಿ ಒಂದಕ್ಕೂ ಚೀಟಿ ಇರಲಿಲ್ಲ. ಮೂರು ಟ್ಯೂಬು ಮೆಡಿಕಲ್ ಅಂಗಡಿಯಿಂದ, ಎರಡು ನಾದಿನಿಯಿಂದ, ಇನ್ನೆರಡು ಎಲ್ಲಿಂದ ಬಂದವೋ ಆಕೆಗೇ ನೆನಪಿಲ್ಲ.

“ಇನ್ನೇನಾದರೂ ತೊಂದರೆ ಇದೆಯಾ ಅಕ್ಕಾ?” ಎಂದೆ. ಬಾಗಿಲ ಕಡೆ ನೋಡಿದರು. ಗಂಡ ಹೊರಗೆ ನಿಂತಿದ್ದರು. ದನಿ ತಗ್ಗಿಸಿ, “ಕೆಳಗೂ ಐತ್ರಿ,” ಅಂದರು.

ಹತ್ತು ತಿಂಗಳಿಂದ ಯೋನಿಯಲ್ಲಿ ತುರಿಕೆ, ಉರಿ, ಒಡೆದ ಮೊಸರಿನಂಥ ಬಿಳಿ. ವಾಸನೆ ಇಲ್ಲ. ಮೂತ್ರ ತಾಗಿದರೆ ಚುರುಗುಟ್ಟುತ್ತದೆ. ನಾಲ್ಕು ಸಲ ಬಂದು ಹೋಗಿತ್ತು, ಇದು ಐದನೆಯದು. ರಬ್ಬರ್ ಬ್ಯಾಂಡಿನ ಕಟ್ಟಿನಲ್ಲಿದ್ದ ಸ್ಟ್ರಿಪ್ಪುಗಳ ಅರ್ಧ ಕಥೆ ಅದರದ್ದೇ. ಮೂರು ಸಲ ನಾಲ್ಕು ಗುಳಿಗೆಯ ಕಿಟ್ ನುಂಗಿದ್ದರು: ಫಂಗಸ್‌ಗೆ ಒಂದು ಫ್ಲುಕೊನಜೋಲ್, ಬೇರೆ ಸೋಂಕುಗಳಿಗೆ ಆಂಟಿಬಯಾಟಿಕ್‌ಗಳಾದ ಒಂದು ಅಜಿಥ್ರೊಮೈಸಿನ್, ಎರಡು ಸೆಕ್ನಿಡಜೋಲ್. ಬಿಳಿಮುಟ್ಟು ಅಂದಕೂಡಲೇ ಕೈಗೆ ಬರುವುದು ಇದೇ ಕಿಟ್. ಪರೀಕ್ಷೆಗೆ ಅನುಕೂಲವಿಲ್ಲದ ಕಡೆ ಲಕ್ಷಣ ನೋಡಿ ಹೀಗೆ ಒಟ್ಟಿಗೆ ಔಷಧಿ ಕೊಡುವುದಕ್ಕೆ ಅರ್ಥವಿದೆ; ಸರ್ಕಾರಿ ಕೇಂದ್ರಗಳಲ್ಲೂ ಬಿಳಿಮುಟ್ಟಿಗೆ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಇರುವ ಹಸಿರು ಕಿಟ್ ಇದೆ. ಒಂದು ಸಲ ಸರಿ. ಮೂರನೇ ಸಲ ಬಂದಾಗಲೂ ಒಳಗೆ ಇರುವುದು ಏನು ಎಂದು ನೋಡದೆ ಅದನ್ನೇ ಕೊಟ್ಟರೆ, ಬೇಡದ ಆಂಟಿಬಯಾಟಿಕ್ ಯೋನಿಯ ಒಳ್ಳೆ ಬ್ಯಾಕ್ಟೀರಿಯಾಗಳನ್ನೂ ಗುಡಿಸಿಕೊಂಡು ಹೋಗುತ್ತದೆ. ಆಮೇಲೆ ಫಂಗಸ್‌ಗೆ ಮೈದಾನ ಖಾಲಿ.

ಕಟ್ಟಿನ ಇನ್ನರ್ಧ ಟರ್ಬಿನಾಫಿನ್ ಎಂಬ ಇನ್ನೊಂದು ಫಂಗಸ್ ಗುಳಿಗೆ, 250 ಮಿಲಿಗ್ರಾಂನದು. ಎರಡು ವಾರದಂತೆ ಎರಡು ಸಲ ತೆಗೆದುಕೊಂಡಿದ್ದರು. ಚರ್ಮಕ್ಕೆ ಕೊಟ್ಟದ್ದು. “ಇದ ತಗೊಂಡ್ರ ಕೆಳಗಿನದೂ ಹೋಗ್ತೈತಿ, ಎರಡೂ ಫಂಗಸ್ಸ ಅಲ್ಲೇನು ಅಂದ್ರು,” ಎಂದು ಆಕೆ ಹೇಳಿದಾಗ ಇಡೀ ಪ್ರಕರಣದ ಗಂಟು ಎಲ್ಲಿದೆ ಎಂದು ನನಗೆ ಕಂಡಿತು.

ಎರಡೂ ಫಂಗಸ್ ಹೌದು. ನಾಯಿಯೂ ಬೆಕ್ಕೂ ಪ್ರಾಣಿ ಆದ ಹಾಗೆ. ಚರ್ಮದ್ದು ಡರ್ಮಟೊಫೈಟ್: ಚರ್ಮ, ಕೂದಲು, ಉಗುರಿನಲ್ಲಿರುವ ಕೆರಟಿನ್ ತಿಂದು ಬದುಕುವ ಎಳೆಎಳೆಯ ಬೂಸ್ಟು. ಮೈಯಿಂದ ಮೈಗೆ, ಟವೆಲಿನಿಂದ ಟವೆಲಿಗೆ ಹರಡುತ್ತದೆ. ಯೋನಿಯದ್ದು ಕ್ಯಾಂಡಿಡಾ: ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟಿನ ದೂರದ ನೆಂಟ. ಎಷ್ಟೋ ಹೆಂಗಸರಲ್ಲಿ ಯಾವ ತಂಟೆಯೂ ಮಾಡದೆ ಒಳಗೇ ಇರುತ್ತದೆ, ಸಕ್ಕರೆಯೋ ಆಂಟಿಬಯಾಟಿಕ್ಕೋ ಬಸುರೋ ದಾರಿ ಮಾಡಿಕೊಟ್ಟಾಗ ಎದ್ದು ನಿಲ್ಲುತ್ತದೆ.

ಔಷಧಿಗಳೂ ಹಾಗೇ ಬೇರೆ ಬೇರೆ. ಫಂಗಸ್‌ನ ಕೋಶಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬು ಬೇಕೇ ಬೇಕು, ನಮ್ಮ ಕೋಶಕ್ಕೆ ಕೊಲೆಸ್ಟೆರಾಲ್ ಬೇಕಾದ ಹಾಗೆ. ಆಕೆಗೆ ರೊಟ್ಟಿಯ ಲೆಕ್ಕದಲ್ಲೇ ಹೇಳಿದೆ. ಟರ್ಬಿನಾಫಿನ್ ಹಿಟ್ಟು ಕಲಸುವಲ್ಲೇ ಕೈ ಹಿಡಿಯುತ್ತದೆ. ಫ್ಲುಕೊನಜೋಲ್, ಇಟ್ರಾಕೊನಜೋಲ್, ಕ್ಲೊಟ್ರಿಮಜೋಲ್ ತರಹದವು ತಟ್ಟುವಾಗ ತಡೆಯುತ್ತವೆ. ನಿಸ್ಟಾಟಿನ್ ಬೆಂದ ರೊಟ್ಟಿಗೇ ತೂತು ಕೊರೆಯುತ್ತದೆ. ಆದರೆ ನುಂಗುವ ಟರ್ಬಿನಾಫಿನ್ ಕ್ಯಾಂಡಿಡಾದ ಮೇಲೆ ನೆಚ್ಚುವಂಥದ್ದಲ್ಲ. ನಿಸ್ಟಾಟಿನ್ ಕ್ಯಾಂಡಿಡಾಕ್ಕೆ ಸೈ, ಹುಳುಕಡ್ಡಿಗೆ ಅದರಿಂದ ಏನೂ ಆಗದು. ಎರಡಕ್ಕೂ ಹೊಂದುವುದು ತಟ್ಟುವಾಗ ತಡೆಯುವ ಆ ಜೋಲ್ ಬಳಗ, ಅದರಲ್ಲೂ ಯಾವುದನ್ನು ಎಲ್ಲಿಗೆ, ಎಷ್ಟು ದಿನ ಎಂಬುದು ಬೇರೆ ಬೇರೆ.

ಇನ್ನು ಪರೀಕ್ಷೆ. ಸೊಂಟದ ಕಲೆಯ ಅಂಚಿನಿಂದ ಬ್ಲೇಡಿನ ಮೊಂಡು ಬದಿಯಲ್ಲಿ ಹೊಟ್ಟು ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಇಟ್ಟೆ. ಚರ್ಮದ ಕೋಶಗಳು ಕರಗಿ ತಿಳಿಯಾದ ಮೇಲೆ ಅವುಗಳ ಅಡ್ಡಕ್ಕೆ ಕವಲೊಡೆದ, ಗಂಟುಗಂಟಾದ ಎಳೆಗಳು ಕಂಡವು. ಸ್ಟೆರಾಯ್ಡ್ ಹಚ್ಚಿದ ಚರ್ಮದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ದಟ್ಟವಾಗಿರುತ್ತವೆ, ಇಲ್ಲಿ ಹೆಣೆದ ಚಾಪೆಯ ಹಾಗಿದ್ದವು. ಯೋನಿಯ ಪರೀಕ್ಷೆ ಮಾಡಿದ್ದು ಪಕ್ಕದ ಕೋಣೆಯ ಸ್ತ್ರೀರೋಗ ತಜ್ಞೆ. ಹುಳಿಯ ಅಳತೆ, ಪಿಎಚ್, 4ರ ಆಸುಪಾಸು. ಅದು 4.5 ದಾಟಿದ್ದರೆ ಬ್ಯಾಕ್ಟೀರಿಯಾದ ತೊಂದರೆಯನ್ನೋ ಟ್ರೈಕೊಮೊನಾಸ್ ಎಂಬ ಪರಾವಲಂಬಿಯನ್ನೋ ಹುಡುಕಬೇಕಿತ್ತು. ಸ್ಲೈಡಿನಲ್ಲಿ ಮೊಗ್ಗೊಡೆಯುತ್ತಿದ್ದ ಯೀಸ್ಟ್ ಕೋಶಗಳು, ‘ಸುಳ್ಳು ಎಳೆ’ಗಳು, ಅಂದರೆ ಎಳೆಯಂತೆ ಕಾಣುವ ಕೋಶಗಳ ಸಾಲು. ಪದೇ ಪದೇ ಬರುತ್ತಿದ್ದುದರಿಂದ ಫಂಗಸ್ ಬೆಳೆಸಿ ನೋಡುವ ಕಲ್ಚರಿಗೂ ಕಳಿಸಿದೆವು. ಕ್ಯಾಂಡಿಡಾ ಆಲ್ಬಿಕನ್ಸ್, ಫ್ಲುಕೊನಜೋಲಿಗೆ ಬಗ್ಗುವಂಥದ್ದೇ ಎಂದು ವರದಿ ಬಂತು. ಗ್ಲಾಬ್ರಾಟಾ ಎಂಬ ಇನ್ನೊಂದು ಜಾತಿ ಆಗಿದ್ದರೆ ದಾರಿ ಬೇರೆಯಾಗುತ್ತಿತ್ತು, ಅದು ಫ್ಲುಕೊನಜೋಲಿಗೆ ಸುಲಭಕ್ಕೆ ಮಣಿಯುವುದಿಲ್ಲ.

ಔಷಧಿಗೆ ಬಗ್ಗುವ ಫಂಗಸ್ ಐದು ಸಲ ಏಕೆ ಬಂತು? ಉತ್ತರ ಆಕೆಯ ಕೈಚೀಲದಲ್ಲಿತ್ತು. ಸಕ್ಕರೆ ಕಾಯಿಲೆಯ ಗುಳಿಗೆಗಳು: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ವರ್ಷದ ಹಿಂದೆ ಸೇರಿಸಿದ ಡಾಪಾಗ್ಲಿಫ್ಲೊಜಿನ್. ಕೊಲೆಸ್ಟೆರಾಲಿಗೆ ಅಟೊರ್ವಾಸ್ಟಾಟಿನ್. ಮೂರು ತಿಂಗಳ ಸರಾಸರಿ ಸಕ್ಕರೆ, ಎಚ್‌ಬಿಎ1ಸಿ, 9.6. ಡಾಪಾಗ್ಲಿಫ್ಲೊಜಿನ್ ಒಳ್ಳೆಯ ಔಷಧಿ. ಹೃದಯ, ಮೂತ್ರಪಿಂಡ ಸೋತವರಿಗೆ ಜೀವ ಕಾಯುವಂಥದ್ದು. 2020ರಲ್ಲಿ ಪೇಟೆಂಟ್ ಮುಗಿದು ಅಗ್ಗವಾದ ಮೇಲೆ ಹಳ್ಳಿಹಳ್ಳಿಗೂ ತಲುಪಿದೆ. ಅದು ಕೆಲಸ ಮಾಡುವುದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮೂಲಕ, ಸಕ್ಕರೆ ಕಾಯಿಲೆಯವರಲ್ಲಿ ದಿನಕ್ಕೆ ಸುಮಾರು 70 ಗ್ರಾಂ. ಚಮಚದ ಲೆಕ್ಕದಲ್ಲಿ ಹದಿನಾಲ್ಕು. ಅಷ್ಟು ಸಕ್ಕರೆ ದಿನವೂ ಹರಿದು ಹೋಗುವ ಜಾಗದಲ್ಲಿ ಯೀಸ್ಟ್ ಬೆಳೆಯದೆ ಇನ್ನೇನು ಬೆಳೆದೀತು? ಜನನಾಂಗದ ಫಂಗಸ್ ಈ ಔಷಧಿಯ ಎಲ್ಲರಿಗೂ ತಿಳಿದಿರುವ ಅಡ್ಡಪರಿಣಾಮ, ಗಂಡಸರಲ್ಲೂ ಬರುತ್ತದೆ. ಬರೆದುಕೊಡುವಾಗ “ಹೀಗಾದರೆ ಬಂದು ಹೇಳಿ” ಎಂಬ ಒಂದು ಮಾತು ಹೇಳಿದ್ದರೆ ಆಕೆಯ ಹತ್ತು ತಿಂಗಳು ಉಳಿಯುತ್ತಿತ್ತು.

ಅಲ್ಲಿವರೆಗೆ ಬೇರೆಯವರ ತಪ್ಪುಗಳು. ಇನ್ನು ನನ್ನವು.

ಲಿವರ್ ಪರೀಕ್ಷೆ ಬರುವವರೆಗೆ ಚರ್ಮಕ್ಕೆ ನುಂಗುವ ಔಷಧಿ ಬೇಡ, ಮೊದಲು ಕೆಳಗಿನ ಉರಿ ನಿಲ್ಲಲಿ ಎಂದು ಫ್ಲುಕೊನಜೋಲ್ 150 ಮಿಲಿಗ್ರಾಂ ಬರೆದೆ. ಸಾಮಾನ್ಯ ಕ್ಯಾಂಡಿಡಾಕ್ಕೆ ಒಂದೇ ಗುಳಿಗೆ ಸಾಕು. ಸಕ್ಕರೆ ಹತೋಟಿಯಲ್ಲಿಲ್ಲದ, ಪದೇ ಪದೇ ಬರುವ ಇಂಥವರಿಗೆ ಮೂರು ದಿನಕ್ಕೊಂದರಂತೆ ಮೂರು. ಎರಡನೇ ಗುಳಿಗೆ ತೆಗೆದುಕೊಂಡ ಮರುದಿನ ಮಧ್ಯಾಹ್ನ ಗಂಡನಿಂದ ಫೋನು. ಒಲೆ ಮುಂದೆ ಕೈ ನಡುಗಿ, ಬೆವರು ಕಿತ್ತು, ಮಾತು ತೊದಲಿತಂತೆ. ಪುಣ್ಯಕ್ಕೆ ಗಿರಾಕಿಯೊಬ್ಬರು ಬೆಲ್ಲದ ಪಾನಕ ಕುಡಿಸಿದರು. ಮನೆಯ ಗ್ಲುಕೋಮೀಟರಿನಲ್ಲಿ 58.

ಗ್ಲಿಮೆಪಿರೈಡನ್ನು ಕರಗಿಸುವ ಕಿಣ್ವವನ್ನು ಫ್ಲುಕೊನಜೋಲ್ ತಡೆಯುತ್ತದೆ. ಗ್ಲಿಮೆಪಿರೈಡ್ ರಕ್ತದಲ್ಲಿ ಉಳಿದು ಸಕ್ಕರೆಯನ್ನು ಬೇಕಾದ್ದಕ್ಕಿಂತ ಕೆಳಗೆಳೆಯುತ್ತದೆ. ಇದು ಪಠ್ಯದಲ್ಲಿದೆ, ಆ ಗುಳಿಗೆಯ ಹೆಸರನ್ನು ನಾನೇ ಕಡತದಲ್ಲಿ ಬರೆದುಕೊಂಡಿದ್ದೆ, ಆದರೂ ಕಣ್ತಪ್ಪಿತು. ಒಂದೇ ಒಂದು ಫ್ಲುಕೊನಜೋಲ್ ಆಗಿದ್ದರೆ ಬಹುಶಃ ದಾಟುತ್ತಿತ್ತು. ಇಲ್ಲಿ ಎರಡು; ಮೇಲಾಗಿ ಖಾನಾವಳಿಯವರ ಊಟ ಗಿರಾಕಿಗಳೆಲ್ಲ ಉಂಡ ಮೇಲೆ, ಮೂರೂವರೆಗೆ. ಬೆಳಿಗ್ಗೆ ನುಂಗಿದ ಗುಳಿಗೆಗೆ ಸರಿಯಾಗಿ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವರ ಫಿಜಿಶಿಯನ್‌ಗೆ ನಾನೇ ಫೋನು ಮಾಡಿದೆ. ಮೊದಲೇ ಮಾಡಬೇಕಿದ್ದ ಫೋನು. ಗ್ಲಿಮೆಪಿರೈಡ್ ಕಡಿಮೆ ಮಾಡಿದರು. ಹೃದಯ, ಮೂತ್ರಪಿಂಡ ಎರಡೂ ಚೆನ್ನಾಗಿದ್ದುದರಿಂದ ಡಾಪಾಗ್ಲಿಫ್ಲೊಜಿನ್ ನಿಲ್ಲಿಸಿ ಸಿಟಾಗ್ಲಿಪ್ಟಿನ್ ಕೊಟ್ಟರು. ಅಟೊರ್ವಾಸ್ಟಾಟಿನ್ ಬದಲು ರೋಸುವಾಸ್ಟಾಟಿನ್ ಬಂತು, ಏಕೆಂದರೆ ಮುಂದೆ ನಾನು ಕೊಡಲಿದ್ದ ಇಟ್ರಾಕೊನಜೋಲ್ ಜೊತೆ ಹಳೆಯದು ಹೊಂದುವುದಿಲ್ಲ, ಸ್ನಾಯುಗಳಿಗೆ ಪೆಟ್ಟು. ಮೂರನೇ ಫ್ಲುಕೊನಜೋಲ್ ನಿಲ್ಲಿಸಿ, ಕ್ಲೊಟ್ರಿಮಜೋಲ್ ಗುಳಿಗೆಯನ್ನು ರಾತ್ರಿ ಯೋನಿಯೊಳಗೇ ಇಟ್ಟುಕೊಳ್ಳಲು ಹೇಳಿದೆವು. ವಾರದೊಳಗೆ ಉರಿ ನಿಂತಿತು.

ಚರ್ಮ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಸ್ಟೆರಾಯ್ಡ್ ನಿಲ್ಲಿಸಿದ ನಾಲ್ಕನೇ ದಿನ ಮೈಯೆಲ್ಲ ಕೆಂಡವಾಯಿತು. ಮೊದಲೇ ಹೇಳಿದ್ದೆ, ಆದರೂ ಆ ರಾತ್ರಿ ಹಳೇ ಟ್ಯೂಬಿಗೆ ಕೈ ಹೋಗಿತ್ತಂತೆ. ತುರಿಕೆಗೆ ರಾತ್ರಿ ಒಂದು ಆಂಟಿಹಿಸ್ಟಮಿನ್, ಹಚ್ಚಲು ಲುಲಿಕೊನಜೋಲ್, ಕಲೆ ಇರುವಲ್ಲಿಗಷ್ಟೇ ಅಲ್ಲ, ಸುತ್ತ ಎರಡು ಬೆರಳಗಲ ಚೆನ್ನಾಗಿರುವ ಚರ್ಮಕ್ಕೂ. ನುಂಗಲು ಇಟ್ರಾಕೊನಜೋಲ್ 100 ಮಿಲಿಗ್ರಾಂ, ದಿನಕ್ಕೆ ಎರಡು.

ಟರ್ಬಿನಾಫಿನ್ ಮತ್ತೆ ಏಕೆ ಕೊಡಲಿಲ್ಲ ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು. ಹತ್ತಿಪ್ಪತ್ತು ವರ್ಷದ ಹಿಂದೆ ಹುಳುಕಡ್ಡಿಗೆ ಅದೇ ರಾಮಬಾಣ, ಎರಡು ವಾರಕ್ಕೆ ಗುಣ. ಈಗ ನಮ್ಮಲ್ಲಿ ಹಬ್ಬಿರುವ ಫಂಗಸ್ ಬೇರೆ. ಜಪಾನಿನಲ್ಲಿದ್ದ ಒಬ್ಬ ನೇಪಾಳಿ, ಒಬ್ಬ ಭಾರತೀಯ ರೋಗಿಯ ಚರ್ಮದಿಂದ ತೆಗೆದ ಫಂಗಸ್‌ಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟೀನಿಯೆ ಎಂದು ಹೆಸರಿಟ್ಟರು. ಹೆಸರಲ್ಲೇ ದೇಶವನ್ನು ಅಂಟಿಸಿದ್ದಕ್ಕೆ ಇಲ್ಲಿನ ಕೆಲವು ಚರ್ಮವೈದ್ಯರು ಬೇಸರಪಟ್ಟರು, ನನಗೂ ಅದು ಹಿಡಿಸಿಲ್ಲ. ಟರ್ಬಿನಾಫಿನ್ ಹಿಡಿಯುವ ಕಿಣ್ವದ ಜೀನೇ ಇದರಲ್ಲಿ ಅನೇಕ ಸಲ ಬದಲಾಗಿರುತ್ತದೆ. ಬೀಗ ಬದಲಿಸಿದ ಮನೆಗೆ ಹಳೇ ಕೀಲಿಕೈ. 2023ರಲ್ಲಿ ನ್ಯೂಯಾರ್ಕಿನಲ್ಲೂ ಇದೇ ಸಿಕ್ಕಿತು, ಅಲ್ಲಿನವರಿಗೆ ಅದು ಸುದ್ದಿ. ನಮ್ಮ ರೋಗಿಯ ಕಲ್ಚರ್ ವರದಿಯಲ್ಲಿ ಇಂಡೊಟೀನಿಯೆಯೂ ಸೇರುವ ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್ ಗುಂಪು ಎಂದಷ್ಟೇ ಇತ್ತು. ಜೀನ್ ಓದದೆ ಸಾಮಾನ್ಯ ಲ್ಯಾಬು ಅದಕ್ಕಿಂತ ಮುಂದೆ ಹೇಳಲಾರದು. ಎರಡು ಸಲ ಟರ್ಬಿನಾಫಿನ್ ಸೋತಿತ್ತು, ನನಗೆ ಅಷ್ಟು ಸಾಕಿತ್ತು.

ಮೂರು ವಾರ ಕಳೆದು ಬಂದಾಗ ಹೇಳಿಕೊಳ್ಳುವಂಥ ಇಳಿತ ಇರಲಿಲ್ಲ. ಗುಳಿಗೆ ತಪ್ಪಿಸಿದರಾ? ಇಲ್ಲ. ಊಟದ ಜೊತೆ ತಗೊಂಡಿರಾ? ಹೌದು. ಬೇರೆ ಏನಾದರೂ ನುಂಗುತ್ತೀರಾ? ಇಲ್ಲ. ಕೊನೆಗೆ ಗಂಡ ಬಾಯಿ ಹಾಕಿದರು: “ಮುಂಜಾನೆ ಎದ್ದಕೂಡ್ಲೆ ಗ್ಯಾಸಿಂದು ತಗೋತಾಳಲ್ರಿ.” ಆಕೆ ಸಿಡುಕಿದರು, “ಅದು ಗ್ಯಾಸಿಂದ್ರಿ, ಗುಳಿಗಿ ಅಲ್ಲ!”

ಪ್ಯಾಂಟೊಪ್ರಜೋಲ್, ಮೂರು ವರ್ಷದಿಂದ, ದಿನಾ. ಇಟ್ರಾಕೊನಜೋಲ್ ಕ್ಯಾಪ್ಸೂಲು ಹೊಟ್ಟೆಯ ಹುಳಿಯಲ್ಲಿ ಕರಗಿದರೆ ಮಾತ್ರ ರಕ್ತಕ್ಕೆ ಸೇರುತ್ತದೆ. ಹುಳಿಯನ್ನೇ ಆರಿಸಿಬಿಟ್ಟರೆ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ನಾನು ‘ಔಷಧಿ’ ಎಂದು ಕೇಳಿದ್ದೆ, ಅವರ ಲೆಕ್ಕದಲ್ಲಿ ಅದು ಔಷಧಿಯಲ್ಲ. ಅಂದಿನಿಂದ “ಗ್ಯಾಸಿಗೆ, ನಿದ್ದೆಗೆ, ಶಕ್ತಿಗೆ ಏನೇನು ತಗೋತೀರಿ?” ಎಂದು ಬಿಡಿಬಿಡಿಯಾಗಿ ಕೇಳುತ್ತೇನೆ. ಪ್ಯಾಂಟೊಪ್ರಜೋಲ್ ನಿಲ್ಲಿಸಿ, ಮಧ್ಯಾಹ್ನದ ಊಟವನ್ನು ಒಂದಕ್ಕೇ ಮಾಡಲು ಒಪ್ಪಿಸಿದ ಮೇಲೆ ಎದೆಯುರಿಯೂ ತಗ್ಗಿತು, ಎರಡು ವಾರಕ್ಕೆ ಸೊಂಟದ ಅಂಚುಗಳು ಮಂಕಾದವು.

ಬಟ್ಟೆಯ ವಿಷಯಕ್ಕೆ ನಾನು ಗುಳಿಗೆಯಷ್ಟೇ ಹೊತ್ತು ಕೊಟ್ಟೆ. ಮನೆಯಲ್ಲಿ ಐದು ಜನಕ್ಕೆ ಎರಡು ಟವೆಲು. ಆಕೆಯ ಒಳಉಡುಪು, ಲಂಗ ಒಣಗುತ್ತಿದ್ದದ್ದು ಬಚ್ಚಲ ಪಕ್ಕದ ಹಗ್ಗದ ಮೇಲೆ, ಸೀರೆಯ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ. ಬಿಸಿಲೇ ಕಾಣದ ಬಟ್ಟೆ ಮರುದಿನ ಅರೆಹಸಿಯಲ್ಲೇ ಮೈಗೆ. ಮಾಳಿಗೆ ಮೇಲೆ ಹಾಕಿ ಎಂದರೆ, “ಮಂದಿ ನೋಡ್ತಾರ್ರೀ,” ಎಂದು ನಕ್ಕರು. ನಾಚಿಕೆ ಬಿಡಿ ಎನ್ನುವುದು ಸುಲಭ, ಆ ಮನೆಯಲ್ಲಿ ಇರಬೇಕಾದವಳು ನಾನಲ್ಲ. ಬೇರೆ ದಾರಿ ಹುಡುಕಿದೆವು: ಸುಡುನೀರಲ್ಲಿ ಬೇರೆಯಾಗಿ ಒಗೆದು, ಒಣಗಿದ ಮೇಲೆ ಹೊಲಿಗೆಗೆಲ್ಲ ತಾಗುವಂತೆ ಇಸ್ತ್ರಿ. ಲಾಡಿಯ ಜಾಗ ದಿನಕ್ಕೊಂದು ಬೆರಳು ಮೇಲೆ ಕೆಳಗೆ. ಮಧ್ಯಾಹ್ನ ಒಮ್ಮೆ ಒಣ ಲಂಗಕ್ಕೆ ಬದಲು. ಯೋನಿಯನ್ನು ಬಿಸಿನೀರು, ಆಂಟಿಸೆಪ್ಟಿಕ್ ಹಾಕಿ ತೊಳೆಯುತ್ತಿದ್ದುದನ್ನು ಪೂರ್ತಿ ಬಿಡಿಸಿದೆ. ಹೊರಗಡೆ ಬರೀ ನೀರು ಸಾಕು.

ಒಂದು ಪ್ರಶ್ನೆಯನ್ನು ಆಕೆ ಮೂರನೇ ಭೇಟಿಯವರೆಗೂ ಬಾಯಲ್ಲೇ ಇಟ್ಟುಕೊಂಡಿದ್ದರು. “ಇದು ಅವರಿಂದ ಬಂದದ್ದೇನ್ರಿ?” ಗಂಡನ ಸೊಂಟಕ್ಕೂ ಹುಳುಕಡ್ಡಿ ಇತ್ತು, ಆಕೆ ಎರಡನ್ನೂ ಕೂಡಿಸಿ ಏನೇನೋ ಲೆಕ್ಕ ಹಾಕಿದ್ದರು. ಬಿಡಿಸಿ ಹೇಳಿದೆ. ಚರ್ಮದ್ದು ಮನೆಯಲ್ಲಿ ಯಾರಿಂದ ಯಾರಿಗೂ ಬಂದಿರಬಹುದು, ಹಾಸಿಗೆ, ಟವೆಲು ಸಾಕು. ಅದಕ್ಕೇ ಇದ್ದವರೆಲ್ಲ ಒಟ್ಟಿಗೆ ಔಷಧಿ ತೆಗೆದುಕೊಳ್ಳಬೇಕು. ಯೋನಿಯ ಕ್ಯಾಂಡಿಡಾವನ್ನು ಲೈಂಗಿಕ ರೋಗವೆಂದು ಎಣಿಸುವುದಿಲ್ಲ, ಗಂಡನಿಗೆ ತೊಂದರೆ ಇಲ್ಲದಿದ್ದರೆ ಅದಕ್ಕಾಗಿ ಅವನಿಗೆ ಔಷಧಿಯೂ ಬೇಡ. ಆಕೆ ಉಸಿರು ಬಿಟ್ಟದ್ದು ಕೇಳಿಸಿತು.

ಅದೇ ದಿನ ಸೊಸೆಯೂ ಬಂದಿದ್ದಳು, ಐದು ತಿಂಗಳ ಬಸುರಿ. ಹೊಟ್ಟೆಯ ಪಕ್ಕ ಎರಡು ಬಳೆ, ಕೆಳಗೆ ತುರಿಕೆ. ಸೆರಗಿನ ತುದಿ ಬಿಚ್ಚಿ ಕತ್ತರಿಸಿದ ಸ್ಟ್ರಿಪ್ಪಿನ ತುಂಡೊಂದನ್ನು ತೆಗೆದಳು. ಒಂದು ಗುಳಿಗೆ. ನಾನು ನಿಲ್ಲಿಸಿದ್ದ ಆ ಮೂರನೇ ಫ್ಲುಕೊನಜೋಲ್. ಅತ್ತೆ ಕೊಟ್ಟದ್ದು: “ನನಗ ಆರಾಮ ಆತು, ನಿನಗೂ ಆಗ್ತೈತಿ, ತಗೋ.” ಹುಡುಗಿ ನುಂಗದೆ, “ಕೇಳಿಯೇ ತಗೋತೀನಿ,” ಎಂದು ಗಂಟು ಕಟ್ಟಿಕೊಂಡು ಬಂದಿದ್ದಳು.

ಬಸುರಿಯರಿಗೆ ನುಂಗುವ ಫ್ಲುಕೊನಜೋಲ್ ಬೇಡ ಎಂದೇ ನಾವು ಹೇಳುವುದು. ದೊಡ್ಡ ಪ್ರಮಾಣದಲ್ಲಿ ಬಹಳ ದಿನ ತೆಗೆದುಕೊಂಡಾಗ ಮಗುವಿನ ಅಂಗವೈಕಲ್ಯಕ್ಕೆ ಕಾರಣವಾದ ದಾಖಲೆಗಳಿವೆ. ಸಣ್ಣ ಪ್ರಮಾಣಕ್ಕೂ ಗರ್ಭಪಾತಕ್ಕೂ ನಂಟಿರಬಹುದೆಂದು 2016ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ತೋರಿಸಿದ ಮೇಲೆ ಅಮೆರಿಕದ ಔಷಧಿ ನಿಯಂತ್ರಕರೂ ಎಚ್ಚರಿಕೆ ಕೊಟ್ಟರು. ಅವಳಿಗೆ ಕ್ಲೊಟ್ರಿಮಜೋಲ್ 100 ಮಿಲಿಗ್ರಾಂ, ಏಳು ರಾತ್ರಿ, ಯೋನಿಯೊಳಗೆ, ಬೆರಳಿನಿಂದಲೇ ಮೆಲ್ಲಗೆ. ಹೊಟ್ಟೆಯ ಬಳೆಗಳಿಗೆ ಕ್ಲೊಟ್ರಿಮಜೋಲ್ ಮುಲಾಮು. ಸ್ವಲ್ಪ ನಿಧಾನ, ಆದರೆ ಮುಲಾಮು ಚರ್ಮದಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅತ್ತೆಗೆ ನಾನು ಬೈಯಲು ಹೋಗಲಿಲ್ಲ. ಅವರ ಏಳು ಟ್ಯೂಬುಗಳಲ್ಲಿ ಎರಡು ನಾದಿನಿ ಇಂಥದ್ದೇ ಪ್ರೀತಿಯಿಂದ ಕೊಟ್ಟವು.

ಆಕೆಗೆ ಇಟ್ರಾಕೊನಜೋಲ್ ಒಟ್ಟು ಹನ್ನೊಂದು ವಾರ ನಡೆಯಿತು, ನಡುವೆ ಎರಡು ಸಲ ಲಿವರ್ ಪರೀಕ್ಷೆ. ಮುಲಾಮನ್ನು ಕಲೆ ಹೋದ ಮೇಲೂ ಎರಡು ವಾರ ಹಚ್ಚಿಸಿದೆ. ಐದನೇ ತಿಂಗಳಿಗೆ ಎಚ್‌ಬಿಎ1ಸಿ 7.4. ಯೋನಿಯ ತುರಿಕೆ ಆಮೇಲೆ ಬಂದಿಲ್ಲ. ಬಂದಿದ್ದರೆ ಆರು ತಿಂಗಳು ವಾರಕ್ಕೊಂದು ಫ್ಲುಕೊನಜೋಲ್ ಕೊಡುವ ಮಾತಾಗುತ್ತಿತ್ತು, ಗ್ಲಿಮೆಪಿರೈಡ್ ಕಡೆ ಕಣ್ಣಿಟ್ಟು. ಕಂದು ಕಲೆ ತಿಳಿಯಾಗುತ್ತಿದೆ. ತೊಡೆಯ ಬಿಳಿ ಗೀರುಗಳು ಹೋಗುವುದಿಲ್ಲ, ಅದನ್ನು ಹೇಳಿದಾಗ, “ಇರಲಿ ಬಿಡ್ರಿ, ಯಾರ ನೋಡ್ತಾರ,” ಎಂದರು.

ಗಂಡನದ್ದೇ ತಕರಾರು. ತುರಿಕೆ ನಿಂತ ನಾಲ್ಕನೇ ವಾರಕ್ಕೇ ಔಷಧಿ ಬಿಟ್ಟಿದ್ದರು. ಎರಡು ತಿಂಗಳಿಗೆ ಮತ್ತೆ ಬಳೆ ಮೂಡಿತು, ಸರಿಯಾಗಿ ಉಡದಾರದ ಜಾಡಿನಲ್ಲಿ. ಕಪ್ಪು ನೂಲಿನ ಉಡದಾರ, ವರ್ಷಗಳ ಬೆವರು ಕುಡಿದು ಗಟ್ಟಿಯಾದದ್ದು. ಬಿಚ್ಚಿ ಎಂದರೆ ಮುಖ ಗಂಟಿಕ್ಕಿತು. ಉಡದಾರ ಇಲ್ಲದೆ ಇರಬಾರದು, ಅಶುಭ. ನಾನು ಮತ್ತೆ ಕೇಳಲಿಲ್ಲ, ಔಷಧಿ ಹೊಸದಾಗಿ ಶುರುಮಾಡಿ ಕಳಿಸಿದೆ.

ಮುಂದಿನ ಸಲ ಬಂದಾಗ ಹೆಂಡತಿಯೇ ಅವರ ಅಂಗಿ ಎತ್ತಿ ತೋರಿಸಿದರು. ಹೊಳೆಯುವ ಬೆಳ್ಳಿ ಉಡದಾರ. ಹಳೆಯದನ್ನು ಹಬ್ಬದ ದಿನ ನೋಡಿ ಬದಲಿಸಿದ್ದಂತೆ. “ವಾರಕ್ಕೊಮ್ಮೆ ಬಿಚ್ಚಿ, ರೊಟ್ಟಿಗೆ ಎಸರಿಡೋವಾಗ ಇದನ್ನೂ ಬ್ಯಾರೆ ಪಾತೇಲಿಯಾಗ ಕುದಿಸ್ತೀನ್ರಿ,” ಅಂದರು. ‘ಬ್ಯಾರೆ’ ಎಂಬ ಮಾತನ್ನು ಎರಡು ಸಲ ಒತ್ತಿ ಹೇಳಿದರು. ನಾನು ಯಾವಾಗಲಾದರೂ ಖಾನಾವಳಿಗೆ ಊಟಕ್ಕೆ ಬರಬಹುದಲ್ಲ.